ಕೆಲಸ ಮುಗಿದ ಕಟ್ಟೆಗೆ ಲೆಕ್ಕ ಕೇಳುವ ದಿನ

 ಅಣೆಕಟ್ಟೆ ಕಟ್ಟುವ ಬಗ್ಗೆ ನಾವು ಸಾಕಷ್ಟು ಮಾತು ಕೇಳಿದ್ದೇವೆ. ಕಟ್ಟಿದ್ದನ್ನು ತೆಗೆಯುವ ಬಗ್ಗೆ ಕೇಳಿದ್ದು ಕಡಿಮೆ. ಇವತ್ತಿನ ಮಾತು ಈ ಎರಡನೆಯ ಕೆಲಸದ ಬಗ್ಗೆ. ಮೊದಲೇ ಒಂದು ವಿಷಯ ಸ್ಪಷ್ಟಪಡಿಸುತ್ತೇನೆ. ಊರಿಗೆ ಕುಡಿಯುವ ನೀರು ಕೊಡುತ್ತಿರುವ, ಲಕ್ಷಾಂತರ ಎಕರೆಗೆ ನೀರುಣಿಸುತ್ತಿರುವ ಜಲಾಶಯಗಳನ್ನು ಒಡೆಯಬೇಕೆಂದು ನಾನು ಹೇಳುತ್ತಿಲ್ಲ. ಕಾರ್ಖಾನೆ ಮುಚ್ಚಿದೆ, ಗಿರಣಿ ನಿಂತಿದೆ, ಹೂಳು ತುಂಬಿದೆ, ಆದರೂ ಕಟ್ಟೆ ನದಿಗೆ ಅಡ್ಡವಾಗಿ ನಿಂತೇ ಇದೆ. ಅಂಥ ಕಟ್ಟೆಗಳ ಕಥೆ ಇದು. ನನ್ನ ವಾದ ಸರಳ. ಕಟ್ಟೆಯನ್ನು ಒಂದು ಉಪಯೋಗಕ್ಕೆಂದು ಕಟ್ಟುತ್ತೇವೆ. ಉಪಯೋಗ ಮುಗಿದಾಗ ಅದರ ಲಾಭ ನಿಲ್ಲುತ್ತದೆ. ಅದರಿಂದಾಗುವ ನಷ್ಟ ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ಪ್ರತಿ ಕಟ್ಟೆಗೂ ಲೆಕ್ಕ ಕೇಳುವ ಒಂದು ದಿನ ಗೊತ್ತಾಗಿರಬೇಕು. ಲೆಕ್ಕ ತಪ್ಪಿದರೆ ಅದನ್ನು ಎಚ್ಚರದಿಂದ ತೆಗೆಯಬೇಕು. ಈ ಕೆಲಸವನ್ನು ಕಾಲು ಶತಮಾನದಿಂದ ದೊಡ್ಡದಾಗಿ ಮಾಡಿ ನೋಡಿರುವ ದೇಶ ಅಮೆರಿಕ. ಹಾಗಾಗಿ ಸಾಕ್ಷ್ಯವನ್ನು ಹೆಚ್ಚಾಗಿ ಅಲ್ಲಿಂದಲೇ ತರುತ್ತೇನೆ. ಕೊನೆಯಲ್ಲಿ ನಮ್ಮ ಹೊಳೆಗಳತ್ತ ಬರುತ್ತೇನೆ.

ಮೊದಲು ನಷ್ಟ ಯಾವುದೆಂದು ನೋಡೋಣ. ಕೆಲವು ಮೀನುಗಳು ಒಂದೇ ನೀರಿನಲ್ಲಿ ಬಾಳು ಮುಗಿಸುವುದಿಲ್ಲ. ಸಾಲ್ಮನ್ ಮೀನು ಹುಟ್ಟುವುದು ನದಿಯ ಮೇಲ್ಭಾಗದ ತಣ್ಣನೆಯ ನೀರಿನಲ್ಲಿ, ಬೆಣಚುಕಲ್ಲುಗಳ ಸಂದಿಯಲ್ಲಿ. ಮರಿ ಬೆಳೆದು ಸಮುದ್ರಕ್ಕೆ ಇಳಿಯುತ್ತದೆ. ಅಲ್ಲಿ ಕೆಲವು ವರ್ಷ ಮೇದು ದಪ್ಪವಾಗುತ್ತದೆ. ಆಮೇಲೆ ನೀರಿನ ವಾಸನೆ ಹಿಡಿದು ಹುಟ್ಟಿದ ಹೊಳೆಗೇ ಮರಳುತ್ತದೆ. ಹೆಣ್ಣು ಮೀನು ಬಾಲದಿಂದ ಜಲ್ಲಿಯನ್ನು ಕೆದರಿ ಗುಂಡಿ ಮಾಡಿ ಮೊಟ್ಟೆ ಇಡುತ್ತದೆ. ಮತ್ತೆ ಜಲ್ಲಿ ಮುಚ್ಚುತ್ತದೆ. ಹಾವುಮೀನಿನದು ಇದಕ್ಕೆ ತಿರುವುಮುರುವು. ಅದು ಬೆಳೆಯುವುದು ಹೊಳೆಯಲ್ಲಿ, ಮೊಟ್ಟೆ ಇಡುವುದು ಕಡಲಿನಲ್ಲಿ. ಇಂಥ ಮೀನಿಗೆ ನದಿಯೆಂದರೆ ಮನೆಯೂ ಹೌದು, ದಾರಿಯೂ ಹೌದು. ದಾರಿಗೆ ಗೋಡೆ ಬಿದ್ದರೆ ಆ ವರ್ಷದ ಸಂತಾನ ಅಲ್ಲಿಗೇ ನಿಂತಿತು. ಗೋಡೆ ಬಹಳ ಎತ್ತರವಿರಬೇಕೆಂದೂ ಇಲ್ಲ. ಆಳೆತ್ತರದ ಒಡ್ಡು ಸಾಕು. ಯೂರೋಪಿನ ವಿಜ್ಞಾನಿಗಳು ನದಿಗಳ ಉದ್ದಕ್ಕೂ ನಡೆದು ಲೆಕ್ಕ ಮಾಡಿ 2020ರಲ್ಲಿ ಒಂದು ಅಂದಾಜು ಪ್ರಕಟಿಸಿದರು. ಆ ಖಂಡದ ನದಿಗಳಲ್ಲಿ ಕನಿಷ್ಠ 12 ಲಕ್ಷ ತಡೆಗಳಿವೆ. ಅವುಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು 2 ಮೀಟರಿಗಿಂತ ಗಿಡ್ಡ. ಹಳೆಯ ಹಿಟ್ಟಿನ ಗಿರಣಿಯ ಒಡ್ಡು, ರಸ್ತೆಯ ಅಡಿಯ ಮೋರಿ, ಮರದ ದಿಮ್ಮಿ ತೇಲಿಸಲು ಕಟ್ಟಿದ ಕಟ್ಟೆ, ಹೀಗೆ. ಇವುಗಳಲ್ಲಿ ಬಹಳಷ್ಟು ಯಾವ ಪಟ್ಟಿಯಲ್ಲೂ ಇರಲಿಲ್ಲ. ಕಟ್ಟೆಗಳ ಹಾನಿ ಮೀನಿಗಷ್ಟೇ ನಿಲ್ಲುವುದಿಲ್ಲ. ಹರಿಯುವ ನೀರು ಕಟ್ಟೆಯ ಹಿಂದೆ ನಿಂತು ಬಿಸಿಯಾಗುತ್ತದೆ. ಕೆಳಕ್ಕೆ ಹೋಗಬೇಕಾದ ಮರಳು, ಜಲ್ಲಿ ಅಲ್ಲೇ ಕೂರುತ್ತದೆ. ಕೆಳಗಿನ ಹೊಳೆಯ ತಳ ಸವೆದು ಬರೀ ದೊಡ್ಡ ಕಲ್ಲುಗಳೇ ಉಳಿಯುತ್ತವೆ. ಮೊಟ್ಟೆ ಇಡಲು ಜಲ್ಲಿಯೇ ಇಲ್ಲವಾಗುತ್ತದೆ.

ಹೀಗೆ ಗೋಡೆ ಮೀನಿನ ದಾರಿಯನ್ನೂ ಹೊಳೆಯ ಮರಳನ್ನೂ ತಡೆಯುತ್ತದೆ. ಇನ್ನು ಮೊದಲ ಸಾಕ್ಷ್ಯಕ್ಕೆ ಬರೋಣ. ಅಮೆರಿಕದ ಈಶಾನ್ಯ ಮೂಲೆಯಲ್ಲಿ ಮೇನ್ ಎಂಬ ರಾಜ್ಯವಿದೆ. ಅದರ ರಾಜಧಾನಿ ಆಗಸ್ಟಾ. ಆ ಊರಿನಲ್ಲಿ ಕೆನೆಬೆಕ್ ನದಿಗೆ 1837ರಲ್ಲಿ ಎಡ್ವರ್ಡ್ಸ್ ಎಂಬ ಕಟ್ಟೆ ಕಟ್ಟಿದರು. ಮರ ಮತ್ತು ಕಲ್ಲಿನ ಕಟ್ಟೆ. ಎತ್ತರ ಸುಮಾರು 7 ಮೀಟರ್. ಗಿರಣಿಗಳಿಗೆ ಶಕ್ತಿ ಬೇಕಿತ್ತು. ಕಟ್ಟೆ ಅದನ್ನು ಕೊಟ್ಟಿತು. ಅದು ಆ ಕಾಲದ ನ್ಯಾಯವಾದ ಬೇಡಿಕೆ. ಆದರೆ 1990ರ ದಶಕಕ್ಕೆ ಬರುವಾಗ ಗಿರಣಿಯ ಕಾಲ ಮುಗಿದಿತ್ತು. ಉಳಿದದ್ದು ಮೂರೂವರೆ ಮೆಗಾವಾಟ್ ವಿದ್ಯುತ್. ಇಡೀ ರಾಜ್ಯದ ವಿದ್ಯುತ್ತಿನಲ್ಲಿ ಅದು ಸಾವಿರಕ್ಕೆ ಒಂದು ಪಾಲಿನಷ್ಟು. ಇಲ್ಲಿ ಒಂದು ಕಾನೂನಿನ ವಿಷಯ ಗಮನಿಸಿ. ಅಮೆರಿಕದಲ್ಲಿ ಖಾಸಗಿ ಜಲವಿದ್ಯುತ್ ಕಟ್ಟೆಗೆ ಶಾಶ್ವತ ಪರವಾನಗಿ ಇಲ್ಲ. ಹೆಚ್ಚೆಂದರೆ 50 ವರ್ಷ. ಅವಧಿ ಮುಗಿದಾಗ ಮಾಲೀಕರು ಮತ್ತೆ ಅರ್ಜಿ ಹಾಕಬೇಕು. 1986ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಪರವಾನಗಿ ಕೊಡುವಾಗ ವಿದ್ಯುತ್ತಿನಷ್ಟೇ ತೂಕವನ್ನು ಮೀನಿಗೂ ವನ್ಯಜೀವಿಗೂ ಕೊಡಬೇಕು. ಎಡ್ವರ್ಡ್ಸ್ ಕಟ್ಟೆಯ ಅರ್ಜಿ ಬಂದಾಗ ಒಕ್ಕೂಟ ಸರ್ಕಾರದ ಇಂಧನ ನಿಯಂತ್ರಣ ಆಯೋಗ ಈ ಲೆಕ್ಕ ಹಾಕಿತು. ಮೀನು ಕಟ್ಟೆ ಹತ್ತಿ ದಾಟಲು ಮೆಟ್ಟಿಲಿನಂಥ ಏಣಿ ಕಟ್ಟಿಸುವ ಖರ್ಚು ಕಟ್ಟೆ ಕೆಡವುವ ಖರ್ಚಿಗಿಂತ ಹೆಚ್ಚಾಗುತ್ತಿತ್ತು. 1997ರಲ್ಲಿ ಆಯೋಗ ಪರವಾನಗಿ ನಿರಾಕರಿಸಿತು. ಮಾಲೀಕರು ಒಪ್ಪದಿದ್ದರೂ ಕಟ್ಟೆ ತೆಗೆಯಿರಿ ಎಂದು ಆದೇಶಿಸಿದ್ದು ಅದೇ ಮೊದಲು. ಆಮೇಲೆ ರಾಜಿ ಮಾತುಕತೆಯಾಯಿತು. ಕೆಳಗಿನ ಹಡಗುಕಟ್ಟುವ ಕಂಪನಿಯೂ ಮೇಲಿನ ಜಲವಿದ್ಯುತ್ ಕಂಪನಿಗಳೂ ಕೆಡವುವ ಹಣ ಕೊಟ್ಟವು. 1999ರ ಜುಲೈ 1ರಂದು ಕಟ್ಟೆಯನ್ನು ಒಡೆದರು. ಸುಮಾರು 27 ಕಿಲೋಮೀಟರ್ ನದಿ ಮತ್ತೆ ಹರಿಯತೊಡಗಿತು.

ಆಮೇಲೆ ಏನಾಯಿತು? ಸ್ಟರ್ಜನ್, ಪಟ್ಟೆಬಾಸ್, ಶ್ಯಾಡ್ ಮೀನುಗಳು 160 ವರ್ಷ ಕಾಣದ ಜಾಗಕ್ಕೆ ಬಂದವು. 2008ರಲ್ಲಿ ಮೇಲಿನ ಉಪನದಿ ಸೆಬಾಸ್ಟಿಕುಕ್‌ನ ಬಾಯಲ್ಲಿದ್ದ ಇನ್ನೊಂದು ಕಟ್ಟೆಯನ್ನೂ ತೆಗೆದರು. ಅಲ್ಲಿ ಏಲ್‌ವೈಫ್ ಎಂಬ ಮೀನು ಲಕ್ಷಗಟ್ಟಲೆ ಹತ್ತಿತು. ನಮ್ಮ ಕರಾವಳಿಯ ಬೂತಾಯಿಯ ಬಳಗದ ಬೆಳ್ಳಿಬಣ್ಣದ ಮೀನು ಅದು. ಒಂದು ಗೇಣಿಗಿಂತ ಸ್ವಲ್ಪ ಉದ್ದ. ಕೆಲವು ವರ್ಷ ಅದರ ಎಣಿಕೆ 20 ಲಕ್ಷ ದಾಟಿದೆ. ಈ ಮೀನಿನ ಜೊತೆ ಇನ್ನೊಂದು ಜೀವವೂ ಪ್ರಯಾಣ ಮಾಡುತ್ತದೆ. ಹೊಳೆಯ ತಳದ ಕಪ್ಪೆಚಿಪ್ಪಿನ ಒಳಗಿನ ಜೀವಿಗೆ ಈಜಲು ಬಾರದು. ಅದರ ಮರಿ ಕಣ್ಣಿಗೆ ಕಾಣದಷ್ಟು ಸಣ್ಣದು. ಅದು ಮೀನಿನ ಕಿವಿರಿಗೆ ಕಚ್ಚಿಕೊಳ್ಳುತ್ತದೆ. ಕೆಲವು ವಾರ ಅಲ್ಲೇ ಇದ್ದು ಎಲ್ಲೋ ಮೇಲಿನ ಹೊಳೆಯಲ್ಲಿ ಉದುರಿ ತಳ ಸೇರುತ್ತದೆ. ಹೊಸ ಜಾಗಕ್ಕೆ ಹರಡಲು ಅದಕ್ಕಿರುವ ವಾಹನ ಮೀನೊಂದೇ. ಮುಖ್ಯವಾಗಿ ಏಲ್‌ವೈಫ್ ಮೀನಿನ ಬಳಗವನ್ನು ನೆಚ್ಚಿಕೊಂಡ ಒಂದು ಜಾತಿಯ ಚಿಪ್ಪು ಆ ಕಡೆಯ ಹೊಳೆಗಳಲ್ಲಿದೆ. ಮೀನಿಗೆ ಕಟ್ಟೆ ಅಡ್ಡವಾದರೆ ಚಿಪ್ಪಿಗೂ ಅಡ್ಡ. ಆ ಚಿಪ್ಪು ನೀರನ್ನು ಸೋಸಿ ತಿಳಿಯಾಗಿಸುತ್ತದೆ. ಮೀನು ಹತ್ತುವ ಕಾಲಕ್ಕೆ ಬಿಳಿತಲೆಯ ಹದ್ದುಗಳು ಸೆಬಾಸ್ಟಿಕುಕ್ ದಡಕ್ಕೆ ಗುಂಪುಗುಂಪಾಗಿ ಬರುತ್ತವೆ. ಹೀಗೆ ಒಂದು ಗೋಡೆ ತೆಗೆದದ್ದರ ಫಲ ನದಿಯ ತಳದಿಂದ ಮರದ ತುದಿಯವರೆಗೆ ಕಂಡಿತು.

ಕೇಳುಗರೆ, ಕೆನೆಬೆಕ್‌ನ ಸಾಕ್ಷ್ಯ ಇಷ್ಟು: ಲಾಭ ಚಿಕ್ಕದಾಗಿತ್ತು, ನಷ್ಟ ದೊಡ್ಡದಾಗಿತ್ತು, ಲೆಕ್ಕ ಕೇಳಲು ಒಂದು ದಿನವಿತ್ತು. ಅದು ಗಿಡ್ಡ ಕಟ್ಟೆ ತಾನೆ ಎಂದು ನೀವು ಕೇಳಬಹುದು. ಹಾಗಾದರೆ ಎರಡನೆಯ ಸಾಕ್ಷ್ಯಕ್ಕೆ ದೊಡ್ಡ ಕಟ್ಟೆಗಳನ್ನೇ ನೋಡೋಣ. ಅಮೆರಿಕದ ಪಶ್ಚಿಮ ಕರಾವಳಿಯ ವಾಷಿಂಗ್ಟನ್ ರಾಜ್ಯದಲ್ಲಿ ಎಲ್ವಾ ಎಂಬ ನದಿ ಇದೆ. ಉದ್ದ 70 ಕಿಲೋಮೀಟರಿನ ಆಸುಪಾಸು. ಹಿಮದ ಬೆಟ್ಟದಲ್ಲಿ ಹುಟ್ಟಿ ನೇರ ಕಡಲಿಗೆ ಬೀಳುತ್ತದೆ. 1913ರಲ್ಲಿ ಕಡಲಿನಿಂದ 8 ಕಿಲೋಮೀಟರ್ ಮೇಲೆ ಒಂದು ಕಟ್ಟೆ ಮುಗಿಯಿತು. ಎತ್ತರ 33 ಮೀಟರ್. 1927ರಲ್ಲಿ ಇನ್ನಷ್ಟು ಮೇಲೆ 64 ಮೀಟರಿನ ಎರಡನೆಯ ಕಟ್ಟೆ ಬಂತು. 20 ಅಂತಸ್ತಿನ ಕಟ್ಟಡದಷ್ಟು ಎತ್ತರ. ಎರಡಕ್ಕೂ ಮೀನು ಹತ್ತುವ ದಾರಿ ಇರಲಿಲ್ಲ. ದಾರಿ ಇರಬೇಕೆಂದು ರಾಜ್ಯದ ಕಾನೂನು ಆಗಲೇ ಹೇಳುತ್ತಿತ್ತು. ಆದರೂ ಅಧಿಕಾರಿಗಳು ದಾರಿಯ ಬದಲು ಮೀನುಮರಿ ಕೇಂದ್ರವೊಂದನ್ನು ಒಪ್ಪಿಕೊಂಡರು. ಹತ್ತು ವರ್ಷ ಕಳೆಯುವುದರೊಳಗೆ ಅದನ್ನೂ ಕೈಬಿಟ್ಟರು. ಐದು ಜಾತಿಯ ಸಾಲ್ಮನ್ ಹತ್ತುತ್ತಿದ್ದ ನದಿಯಲ್ಲಿ ಉಳಿದದ್ದು ಕೆಳಗಿನ 8 ಕಿಲೋಮೀಟರ್ ಮಾತ್ರ. ಆ ನದಿಯ ಬಾಯಲ್ಲಿ ಬದುಕಿದ್ದವರು ಕ್ಲಾಲಮ್ ಜನ. ಮೀನು ಅವರ ಊಟ, ವ್ಯಾಪಾರ, ಹಬ್ಬ ಎಲ್ಲವೂ ಆಗಿತ್ತು. ಕಟ್ಟೆ ಕಟ್ಟುವಾಗ ಯಾರೂ ಅವರನ್ನು ಕೇಳಲಿಲ್ಲ. ದಶಕಗಳ ಕಾಲ ಅವರು ಪಟ್ಟು ಹಿಡಿದರು. 1992ರಲ್ಲಿ ಅಮೆರಿಕದ ಸಂಸತ್ತು ನದಿಯನ್ನು ಮೊದಲಿನಂತೆ ಮಾಡಲು ಕಾಯ್ದೆ ಮಾಡಿತು. ಕೆಡವುವ ಕೆಲಸ ಶುರುವಾಗಲು ಮತ್ತೆ ಸುಮಾರು 20 ವರ್ಷ ಹಿಡಿಯಿತು.

2011ರ ಸೆಪ್ಟೆಂಬರಿನಲ್ಲಿ ಯಂತ್ರಗಳು ಕಾಂಕ್ರೀಟಿಗೆ ಕೈಹಾಕಿದವು. ಕೆಳಗಿನ ಕಟ್ಟೆ 2012ರಲ್ಲಿ, ಮೇಲಿನದು 2014ರಲ್ಲಿ ಹೋಯಿತು. ಒಂದೇ ಸಲ ಸಿಡಿಸಿ ಕೆಡವಲಿಲ್ಲ. ಮೇಲಿನ ಕಟ್ಟೆಯನ್ನು ತುದಿಯಿಂದ ಸ್ವಲ್ಪ ಸ್ವಲ್ಪವೇ ಕಡಿಯುತ್ತ ಬಂದರು. ಹಿಂದಿನ ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ಮೀನು ನದಿಗೆ ಬರುವ ತಿಂಗಳುಗಳಲ್ಲಿ ಕೆಲಸ ನಿಲ್ಲಿಸಿದರು. ಎರಡೂ ಜಲಾಶಯಗಳಲ್ಲಿ ಸುಮಾರು 2 ಕೋಟಿ ಘನ ಮೀಟರ್ ಹೂಳಿತ್ತು. ನದಿಯೇ ಅದರ ಬಹುಭಾಗವನ್ನು ಕೊಚ್ಚಿ ಕಡಲಿಗೆ ಒಯ್ದಿತು. ನದಿಯ ಬಾಯಲ್ಲಿ ಸವೆದುಹೋಗಿದ್ದ ದಡಕ್ಕೆ ಹೊಸ ಮರಳು ಬಂದು ಹತ್ತಾರು ಎಕರೆ ಹೊಸ ತೀರ ಮೂಡಿತು. ಬರಿದಾದ ಜಲಾಶಯದ ತಳದಲ್ಲಿ ಲಕ್ಷಗಟ್ಟಲೆ ಸ್ಥಳೀಯ ಸಸಿ ನೆಟ್ಟರು. ಇನ್ನೊಂದು ಬೆಳವಣಿಗೆ ವಿಜ್ಞಾನಿಗಳಿಗೂ ಅಚ್ಚರಿ ತಂದಿತು. ಕಟ್ಟೆಗಳ ಮೇಲೆ ಸಿಕ್ಕಿಕೊಂಡಿದ್ದ ಮಳೆಬಿಲ್ಲು ಟ್ರೌಟ್ ಎಂಬ ಮೀನು ನೂರು ವರ್ಷ ಸಿಹಿನೀರಿನಲ್ಲೇ ಉಳಿದಿತ್ತು. ಅದೇ ಜಾತಿಯ ಮೀನು ಕಡಲಿಗೆ ಹೋಗಿ ಬಂದರೆ ಅದನ್ನು ಸ್ಟೀಲ್‌ಹೆಡ್ ಎನ್ನುತ್ತಾರೆ. ದಾರಿ ತೆರೆದ ಮೇಲೆ ಆ ಸಿಕ್ಕಿಬಿದ್ದ ಮೀನಿನ ಸಂತತಿಯಲ್ಲಿ ಕೆಲವು ಕಡಲಿಗಿಳಿದು, ಬೆಳೆದು, ಮರಳಿ ಬಂದವು. ಕಳೆದುಹೋಯಿತೆಂದು ಬಗೆದಿದ್ದ ಬೇಸಿಗೆಯ ಸ್ಟೀಲ್‌ಹೆಡ್ ಮತ್ತೆ ಕಾಣಿಸಿತು. ಅಲೆಯುವ ಗುಣ ರಕ್ತದಲ್ಲಿ ಉಳಿದಿತ್ತು, ಅವಕಾಶ ಮಾತ್ರ ಇರಲಿಲ್ಲ. ಎಲ್ಲವೂ ಸರಿಹೋಯಿತೆಂದು ಹೇಳಿದರೆ ಉತ್ಪ್ರೇಕ್ಷೆ. ಚಿನೂಕ್ ಎಂಬ ದೊಡ್ಡ ಸಾಲ್ಮನ್ ಇನ್ನೂ ಬಹುಪಾಲು ಮರಿಕೇಂದ್ರದ ಆಸರೆಯಲ್ಲಿದೆ. ನದಿಯಲ್ಲಿ ಮೀನು ಹಿಡಿಯುವುದನ್ನು ವರ್ಷಗಟ್ಟಲೆ ನಿಲ್ಲಿಸಬೇಕಾಯಿತು. 2023ರಲ್ಲಿ ಕ್ಲಾಲಮ್ ಜನರಿಗೆ ಕೋಹೊ ಸಾಲ್ಮನ್ ಹಿಡಿಯಲು ಒಂದು ಸಣ್ಣ ಅವಕಾಶ ಸಿಕ್ಕಿತು. ನೂರು ವರ್ಷ ಕೆಡಿಸಿದ್ದು ಹತ್ತು ವರ್ಷದಲ್ಲಿ ಪೂರ್ತಿ ಸರಿಯಾಗುವುದಿಲ್ಲ.

ಎಲ್ವಾ ನದಿಯಿಂದ ತಿಳಿದದ್ದು ಎರಡು. ದೊಡ್ಡ ಕಟ್ಟೆಯನ್ನೂ ಎಚ್ಚರದಿಂದ ತೆಗೆಯಬಹುದು. ದಾರಿ ಕೊಟ್ಟರೆ ಮೀನು ಬರುತ್ತದೆ. ಮೀನಿನ ಜೊತೆ ಕಾಡಿಗೂ ಏನೋ ಸಿಗುತ್ತದೆ. ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಪೆಸಿಫಿಕ್ ಸಾಲ್ಮನ್ ಮೊಟ್ಟೆ ಇಟ್ಟ ಮೇಲೆ ಸಾಯುತ್ತದೆ. ಕಡಲಿನಲ್ಲಿ ತಿಂದು ಬೆಳೆದ ಅದರ ಮೈ ಹೊಳೆಯಲ್ಲಿ ಕೊಳೆಯುತ್ತದೆ. ಕರಡಿ, ನೀರುನಾಯಿ, ಹದ್ದು ತಿನ್ನುತ್ತವೆ. ಉಳಿದದ್ದು ನೀರಹುಳುಗಳಿಗೆ, ದಡದ ಮರಗಳ ಬೇರಿಗೆ. ಹೀಗೆ ಕಡಲಿನ ಸಾರಜನಕ ಬೆಟ್ಟ ಹತ್ತುತ್ತದೆ. ಎಲ್ವಾದಲ್ಲಿ ಡಿಪ್ಪರ್ ಎಂಬ ಬೂದುಬಣ್ಣದ ಪುಟ್ಟ ಹಕ್ಕಿ ಇದೆ. ನಮ್ಮ ಪಿಕಳಾರದಷ್ಟು ಗಾತ್ರ. ಅದು ರಭಸದ ನೀರಿಗೆ ಧುಮುಕಿ, ತಳದ ಕಲ್ಲುಗಳ ನಡುವೆ ನಡೆದು ಹುಳುವನ್ನೂ ಮೀನಿನ ಮೊಟ್ಟೆಯನ್ನೂ ಹೆಕ್ಕುತ್ತದೆ. ಸಂಶೋಧಕರು ಸಾಲ್ಮನ್ ಇರುವ ಕಡೆಯ ಡಿಪ್ಪರನ್ನೂ, ಕಟ್ಟೆಯಿಂದಾಗಿ ಸಾಲ್ಮನ್ ಇಲ್ಲದ ಕಡೆಯ ಡಿಪ್ಪರನ್ನೂ ಹೋಲಿಸಿದರು. ಸಾಲ್ಮನ್ ಇರುವ ಕಡೆ ಹೆಣ್ಣು ಹಕ್ಕಿಗಳು ಪುಷ್ಟವಾಗಿದ್ದವು. ಹೆಚ್ಚು ಹಕ್ಕಿಗಳು ಬದುಕುಳಿಯುತ್ತಿದ್ದವು. ಒಂದೇ ಋತುವಿನಲ್ಲಿ ಎರಡನೆಯ ಸಲ ಮರಿಮಾಡಲು ಮುಂದಾಗುತ್ತಿದ್ದವು. ಕಟ್ಟೆ ಹೋದ ಒಂದು ವರ್ಷದೊಳಗೇ ಮೇಲ್ಭಾಗದ ಹಕ್ಕಿಗಳ ರಕ್ತದಲ್ಲಿ ಕಡಲಿನ ಪೋಷಕಾಂಶದ ಗುರುತು ಸಿಕ್ಕಿತು. ಮೀನಿನ ದಾರಿ ತಡೆದರೆ ಬೆಟ್ಟದ ಹಕ್ಕಿಯ ಗೂಡಿನಲ್ಲಿ ಮರಿ ಕಡಿಮೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಡ.

ಸಾಕ್ಷ್ಯ ನೋಡಿದೆವು. ಇನ್ನು ಆಕ್ಷೇಪಗಳಿಗೆ ಬರೋಣ. ಮೊದಲ ಆಕ್ಷೇಪ ವಿದ್ಯುತ್ತಿನದು. ಕಲ್ಲಿದ್ದಲು ಸುಡುವುದನ್ನು ಕಡಿಮೆ ಮಾಡಬೇಕಾದ ಕಾಲದಲ್ಲಿ ಜಲವಿದ್ಯುತ್ ಕಟ್ಟೆ ಕೆಡವುವುದು ಜಾಣತನವೇ? ಪ್ರಶ್ನೆ ನ್ಯಾಯವಾದದ್ದು. ಮೇನ್ ರಾಜ್ಯದ್ದೇ ಪೆನಾಬ್‌ಸ್ಕಾಟ್ ನದಿ ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿ ಪೆನಾಬ್‌ಸ್ಕಾಟ್ ಬುಡಕಟ್ಟು, ಪರಿಸರ ಸಂಘಟನೆಗಳು, ವಿದ್ಯುತ್ ಕಂಪನಿ, ಸರ್ಕಾರ ಎಲ್ಲರೂ ಒಂದು ಮೇಜಿಗೆ ಬಂದರು. ಕಟ್ಟೆಗಳನ್ನು ಒಂದೊಂದಾಗಿ ನೋಡದೆ ಇಡೀ ನದಿಯನ್ನು ಒಟ್ಟಿಗೆ ನೋಡಿದರು. ಕಡಲಿಗೆ ಹತ್ತಿರದ ಎರಡು ಕಟ್ಟೆಗಳು ಮೀನಿಗೆ ಅತಿ ಹೆಚ್ಚು ಅಡ್ಡ. ಅವನ್ನು ಹಣ ಕೊಟ್ಟು ಕೊಂಡು 2012 ಮತ್ತು 2013ರಲ್ಲಿ ತೆಗೆದರು. ಮೂರನೆಯದರ ಪಕ್ಕದಲ್ಲಿ ಹೊಳೆಯಂತೆಯೇ ಹರಿಯುವ ಬಳಸುದಾರಿ ಮಾಡಿದರು. ಬದಲಿಗೆ ಉಳಿದ ಕಟ್ಟೆಗಳಲ್ಲಿ ಉತ್ಪಾದನೆ ಹೆಚ್ಚಿಸಲು ಕಂಪನಿಗೆ ಅನುಮತಿ ಕೊಟ್ಟರು. ಒಟ್ಟು ವಿದ್ಯುತ್ ಕಡಿಮೆಯಾಗಲಿಲ್ಲ. ಮೊದಲು ಸಾವಿರದ ಲೆಕ್ಕದಲ್ಲಿದ್ದ ಮೀನು ಆಮೇಲೆ ಲಕ್ಷದ ಲೆಕ್ಕಕ್ಕೆ ಏರಿತು. ಕ್ಯಾಲಿಫೋರ್ನಿಯಾ ಮತ್ತು ಆರೆಗಾನ್ ನಡುವಿನ ಕ್ಲಾಮತ್ ನದಿಯ ಲೆಕ್ಕವನ್ನೂ ನೋಡಿ. ಅಲ್ಲಿ ನಾಲ್ಕು ಕಟ್ಟೆಗಳನ್ನು 2024ರೊಳಗೆ ತೆಗೆದರು. ಖರ್ಚು ಸುಮಾರು 45 ಕೋಟಿ ಡಾಲರ್. ಆ ನಾಲ್ಕೂ ಸೇರಿ ಕೊಡುತ್ತಿದ್ದುದು ಅವುಗಳ ಮಾಲೀಕ ಕಂಪನಿಯ ಒಟ್ಟು ವಿದ್ಯುತ್ತಿನ ನೂರಕ್ಕೆ ಎರಡು ಪಾಲಿಗಿಂತ ಕಡಿಮೆ. ಹೊಸ ಪರವಾನಗಿಗೆ ಬೇಕಾದ ಮೀನೇಣಿ ಮುಂತಾದ ಕೆಲಸಕ್ಕಿಂತ ಕೆಡವುವುದೇ ಗ್ರಾಹಕರಿಗೆ ಅಗ್ಗವೆಂಬ ಲೆಕ್ಕ ಬಂದಿತ್ತು. ಆ ವರ್ಷ ಅಕ್ಟೋಬರಿನಲ್ಲೇ ಸಾಲ್ಮನ್ ನೂರಕ್ಕೂ ಹೆಚ್ಚು ವರ್ಷದ ನಂತರ ಆರೆಗಾನ್ ಭಾಗದ ಹೊಳೆಯೊಂದರಲ್ಲಿ ಕಂಡಿತು. ಅಂದರೆ ವಿದ್ಯುತ್ ಬೇಕು ಎಂಬುದು ಸರಿ. ಪ್ರತಿ ಹಳೆಯ ಕಟ್ಟೆಯೂ ವಿದ್ಯುತ್ತಿಗೆ ಬೇಕೇ ಬೇಕು ಎಂಬುದು ಸರಿಯಲ್ಲ.

ಎರಡನೆಯ ಆಕ್ಷೇಪ ಏಣಿಯದು. ಕೆಡವುವುದೇಕೆ, ಮೀನಿಗೆ ಮೆಟ್ಟಿಲು ಕಟ್ಟಿದರೆ ಸಾಲದೇ? ಕೆಲವು ಕಡೆ ಸಾಕು. ಜಿಗಿಯಬಲ್ಲ ಸಾಲ್ಮನ್ನಿಗೆ ಏಣಿ ಒಂದಿಷ್ಟು ನೆರವಾಗುತ್ತದೆ. ಜಿಗಿಯಲಾರದ ಮೀನಿಗೆ ಅದು ಗೋಡೆಯಷ್ಟೇ ಕಷ್ಟ. ಅಮೆರಿಕದ ಪೂರ್ವ ತೀರದ ಮೂರು ದೊಡ್ಡ ನದಿಗಳಲ್ಲಿ ಶ್ಯಾಡ್ ಮೀನಿನ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನ 2013ರಲ್ಲಿ ಬಂತು. ಮೊದಲ ಕಟ್ಟೆ ದಾಟಿದ ಮೀನುಗಳಲ್ಲಿ ಮೊಟ್ಟೆ ಇಡುವ ಜಾಗ ತಲುಪಿದ್ದು ನೂರಕ್ಕೆ ಮೂರಕ್ಕಿಂತ ಕಡಿಮೆ. ಏಣಿಗಳಿಗೆ ಕೋಟ್ಯಂತರ ಡಾಲರ್ ಸುರಿದ ನದಿಗಳು ಅವು. ಒಂದು ಏಣಿ ಹತ್ತಿದ ಮೀನಿಗೆ ಮೇಲೆ ಇನ್ನೊಂದು ಕಾದಿರುತ್ತದೆ. ಮತ್ತೆ ಕೆಳಗಿಳಿಯುವ ಮರಿಗಳು ಟರ್ಬೈನಿನ ಅಲಗಿಗೆ ಸಿಗುತ್ತವೆ. ನಿಂತ, ಬಿಸಿಯಾದ ನೀರನ್ನೂ ಜಲ್ಲಿ ಇಲ್ಲದ ತಳವನ್ನೂ ಏಣಿ ಸರಿಮಾಡುವುದಿಲ್ಲ. ಉಪಯೋಗದಲ್ಲಿರುವ ಕಟ್ಟೆಗೆ ಏಣಿ ಬೇಕು, ಒಪ್ಪೋಣ. ಉಪಯೋಗವಿಲ್ಲದ ಕಟ್ಟೆಗೆ ಏಣಿ ಕಟ್ಟುವುದು ಹಣವನ್ನು ಹೊಳೆಗೆ ಎಸೆದಂತೆ.

ವಿದ್ಯುತ್ತಿನ ಮಾತಾಯಿತು, ಏಣಿಯ ಮಾತಾಯಿತು. ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ಕಟ್ಟೆ ತೆಗೆದರೆ ಹಿಂದಿನ ಹೂಳು, ವಿಷ, ಬೇಡದ ಜೀವಿಗಳು ಎಲ್ಲಿಗೆ ಹೋಗುತ್ತವೆ? ಇದಕ್ಕೆ ಕೆಟ್ಟ ಉದಾಹರಣೆಯೇ ಇದೆ. ನ್ಯೂಯಾರ್ಕ್ ರಾಜ್ಯದ ಹಡ್ಸನ್ ನದಿಯಲ್ಲಿ ಫೋರ್ಟ್ ಎಡ್ವರ್ಡ್ ಎಂಬಲ್ಲಿ 1973ರಲ್ಲಿ ಒಂದು ಹಳೆಯ ಕಟ್ಟೆ ತೆಗೆದರು. ಹಿಂದಿನ ಹೂಳಿನಲ್ಲಿ ಏನಿದೆಯೆಂದು ಸರಿಯಾಗಿ ಪರೀಕ್ಷಿಸಿರಲಿಲ್ಲ. ಅದರಲ್ಲಿ ಕಾರ್ಖಾನೆಗಳ ಪಿಸಿಬಿ ಎಂಬ ವಿಷ ರಾಸಾಯನಿಕ ಸೇರಿತ್ತು. ಅದು ಕೆಳಗಿನ ನದಿಗೆಲ್ಲ ಹರಡಿತು. ಮೀನು ತಿನ್ನಬಾರದೆಂಬ ಎಚ್ಚರಿಕೆಗಳು ಬಂದವು. ನದಿಯ ತಳ ಬಾಚಿ ಆ ವಿಷ ತೆಗೆಯುವ ದೊಡ್ಡ ಕೆಲಸ 2009ರಲ್ಲಿ ಶುರುವಾಗಿ ವರ್ಷಗಟ್ಟಲೆ ನಡೆಯಿತು. ಇನ್ನೊಂದು ಉದಾಹರಣೆ ಅಮೆರಿಕದ ಮಹಾಸರೋವರಗಳದು. ಅಲ್ಲಿಗೆ ಕಡಲಿನ ಲ್ಯಾಂಪ್ರಿ ಎಂಬ ಮೀನು ಕಾಲುವೆಗಳ ಮೂಲಕ ನುಗ್ಗಿತು. ಅದು ಬೇರೆ ಮೀನುಗಳ ಮೈಗೆ ಬಾಯಿ ಅಂಟಿಸಿ ರಕ್ತ ಹೀರುತ್ತದೆ. ಅಲ್ಲಿನ ಟ್ರೌಟ್ ಮೀನುಗಾರಿಕೆಯನ್ನೇ ಅದು ನೆಲಕಚ್ಚಿಸಿತು. ಉಪನದಿಗಳ ಹಳೆಯ ಕಟ್ಟೆಗಳು ಆ ಲ್ಯಾಂಪ್ರಿ ಮೇಲೆ ಹೋಗಿ ಮೊಟ್ಟೆ ಇಡದಂತೆ ತಡೆಯುತ್ತಿವೆ. ಅವನ್ನು ತೆಗೆದರೆ ಅನಾಹುತ. ಹಾಗಾಗಿ ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಪ್ಪಿದರೂ ನನ್ನ ವಾದ ಬೀಳುವುದಿಲ್ಲ, ಇನ್ನಷ್ಟು ಬಿಗಿಯಾಗುತ್ತದೆ. ಹಡ್ಸನ್ನಿನಲ್ಲಿ ತಪ್ಪಾದದ್ದು ಲೆಕ್ಕ ಹಾಕದೆ ಕೆಡವಿದ್ದರಿಂದ. ಎಲ್ವಾದಲ್ಲಿ ಸರಿಯಾದದ್ದು ವರ್ಷಗಟ್ಟಲೆ ಲೆಕ್ಕ ಹಾಕಿ ಕೆಡವಿದ್ದರಿಂದ. ಲ್ಯಾಂಪ್ರಿ ತಡೆಯುವ ಕಟ್ಟೆಗೆ ಹೊಸ ಉಪಯೋಗ ಸಿಕ್ಕಿದೆ, ಅದು ಉಳಿಯಲಿ. ಲೆಕ್ಕ ಕೇಳಿದ ಮೇಲೆ ಕೆಲವು ಕಟ್ಟೆಗಳು ಉಳಿಯುತ್ತವೆ, ಕೆಲವು ಹೋಗುತ್ತವೆ. ಲೆಕ್ಕವನ್ನೇ ಕೇಳದಿರುವುದು ತಪ್ಪು.

ಕೇಳುಗರೆ, ಈಗ ನಮ್ಮ ಕಡೆಗೆ ಬರೋಣ. ಕಟ್ಟೆ ಮೀನಿಗೆ ಅಡ್ಡವಾಗುವ ಈ ಪ್ರಶ್ನೆ ನಮಗೆ ಹೊಸದೇನಲ್ಲ. ಕೊಳ್ಳಿಡಂ ಮತ್ತು ಗೋದಾವರಿಗೆ ಅಣೆಕಟ್ಟೆ ಕಟ್ಟಿದ ಇಂಜಿನಿಯರ್ ಸರ್ ಆರ್ಥರ್ ಕಾಟನ್ ಅವರೇ 1860ರ ದಶಕದಲ್ಲಿ ಇದನ್ನು ಎತ್ತಿದ್ದರು. ನದಿಗೆ ಅಡ್ಡ ಕಟ್ಟಿದ ಈ ಒಡ್ಡುಗಳಿಂದ ಮೊಟ್ಟೆಗೆ ಹತ್ತುವ ಮೀನಿಗೆ ತೊಂದರೆಯಾಗಬಹುದು ಎಂದು ಅವರು ಸರ್ಕಾರದ ಗಮನಕ್ಕೆ ತಂದರು. ಆಮೇಲೆ ಮೀನುಶಾಸ್ತ್ರಜ್ಞ ಫ್ರಾನ್ಸಿಸ್ ಡೇ ತನಿಖೆ ಮಾಡಿದರು. ಅವರ ವರದಿ 1873ರಲ್ಲಿ ಅಚ್ಚಾಯಿತು. ಕಡಲಿನಿಂದ ಕಾವೇರಿಗೆ ಹತ್ತುತ್ತಿದ್ದ ಹಿಲ್ಸಾ ಮೀನಿನ ಫಸಲು 1934ರಲ್ಲಿ ಮೆಟ್ಟೂರು ಕಟ್ಟೆ ಬಂದ ಮೇಲೆ ಕುಸಿಯಿತು. 1975ರಲ್ಲಿ ಫರಕ್ಕಾ ಬ್ಯಾರೇಜ್ ಬಂದ ಮೇಲೆ ಗಂಗೆಯಲ್ಲಿ ಅಲಹಾಬಾದಿನವರೆಗೆ ಹೋಗುತ್ತಿದ್ದ ಹಿಲ್ಸಾ ಅಲ್ಲಿ ಅಪರೂಪವಾಯಿತು. ಮೆಟ್ಟೂರೂ ಫರಕ್ಕಾವೂ ಇಂದು ಕೆಲಸದಲ್ಲಿರುವ ಕಟ್ಟೆಗಳು. ಅವನ್ನು ತೆಗೆಯುವ ಮಾತಿಲ್ಲ. ಆದರೆ ಗೋಡೆ ಕಟ್ಟಿದರೆ ಮೀನಿಗೆ ಏನಾಗುತ್ತದೆ ಎಂಬುದಕ್ಕೆ ನಮ್ಮದೇ ಪುರಾವೆ ಇದೆ. ಮಲೆನಾಡಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಮುಂಗಾರಿನ ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತುಮೀನು ಏರುತ್ತದೆ. ಮೊಟ್ಟೆಯ ಕಾಲ ಅದು. ಆ ಎರಡು ಮೂರು ವಾರ ದಾರಿ ತೆರೆದಿರುವುದೇ ಅದಕ್ಕೆ ಮುಖ್ಯ. ಕರಾವಳಿಯ ರೈತರ ಹಳೆಯ ಪದ್ಧತಿಯಲ್ಲಿ ಇದಕ್ಕೆ ಜಾಗವಿತ್ತು. ಮಳೆ ನಿಂತ ಮೇಲೆ ಮಣ್ಣು, ಕಲ್ಲು, ಸೊಪ್ಪಿನಿಂದ ತೋಡಿಗೆ ಕಟ್ಟ ಹಾಕುತ್ತಿದ್ದರು. ಬೇಸಿಗೆಗೆ ತೋಟಕ್ಕೆ ನೀರಾಗುತ್ತಿತ್ತು. ಮುಂದಿನ ಮಳೆಗಾಲದ ನೆರೆ ಅದನ್ನು ಕೊಚ್ಚಿ ಒಯ್ಯುತ್ತಿತ್ತು. ಮೀನಿಗೂ ದಾರಿ ಸಿಗುತ್ತಿತ್ತು. ಇವತ್ತಿನ ಕಿಂಡಿ ಅಣೆಕಟ್ಟೆಯ ತತ್ವವೂ ಅದೇ. ಮಳೆಗಾಲ ಮುಗಿದ ಮೇಲೆ ಕಿಂಡಿಗೆ ಹಲಗೆ ಹಾಕಬೇಕು, ಮಳೆಗೆ ಮುಂಚೆ ತೆಗೆಯಬೇಕು. ಹಲಗೆ ತೆಗೆಯದೆ ಬಿಟ್ಟರೆ, ಕಿಂಡಿಗೆ ಮರ ಸಿಕ್ಕಿ ಹೂಳು ತುಂಬಿದರೆ, ಅದು ಶಾಶ್ವತ ಗೋಡೆಯೇ ಆಗುತ್ತದೆ.

ನಮ್ಮ ದೇಶದಲ್ಲಿ ದೊಡ್ಡ ಅಣೆಕಟ್ಟೆಗಳೇ 5,000ಕ್ಕಿಂತ ಹೆಚ್ಚಿವೆ. ಅವುಗಳಲ್ಲಿ ಸಾವಿರಕ್ಕೂ ಹೆಚ್ಚು 50 ವರ್ಷ ದಾಟಿವೆ. 2021ರಲ್ಲಿ ಅಣೆಕಟ್ಟೆ ಸುರಕ್ಷತಾ ಕಾಯ್ದೆ ಬಂತು. ಒಳ್ಳೆಯ ಹೆಜ್ಜೆ. ಆದರೆ ಅದು ನೋಡುವುದು 15 ಮೀಟರಿಗಿಂತ ಎತ್ತರದ ಕಟ್ಟೆಗಳನ್ನು, ಕೆಲವು ಷರತ್ತಿಗೆ ಒಳಪಟ್ಟು 10ರಿಂದ 15 ಮೀಟರಿನವನ್ನು. ಕೇಳುವ ಪ್ರಶ್ನೆ ಕಟ್ಟೆ ಒಡೆದೀತೇ ಎಂಬುದು. ಮೀನನ್ನು ತಡೆಯಲು 2 ಮೀಟರ್ ಸಾಕೆಂದು ಆಗಲೇ ಹೇಳಿದೆ. ಆ ಗಿಡ್ಡ ಒಡ್ಡುಗಳನ್ನು ಈ ಕಾಯ್ದೆ ಮುಟ್ಟುವುದಿಲ್ಲ. ಕಟ್ಟೆ ಇನ್ನೂ ಉಪಯೋಗದಲ್ಲಿದೆಯೇ ಎಂಬ ಪ್ರಶ್ನೆ ಅದರ ಮುಖ್ಯ ಕೆಲಸವೂ ಅಲ್ಲ. ಹಾಗಾಗಿ ಮೂರು ಕೆಲಸ ಆಗಬೇಕು. ಒಂದು, ಪ್ರತಿ ಹೊಳೆಯ ಸಣ್ಣ ಒಡ್ಡುಗಳದ್ದೂ ಪಟ್ಟಿ ಆಗಬೇಕು. ಇದನ್ನು ಮಾಡಲು ದೊಡ್ಡ ಯಂತ್ರ ಬೇಡ. ಗ್ರಾಮ ಪಂಚಾಯಿತಿ, ಮೀನುಗಾರರು, ಕಾಲೇಜು ವಿದ್ಯಾರ್ಥಿಗಳು ಸೇರಿದರೆ ಸಾಕು. ಎರಡು, ಪ್ರತಿ ಒಡ್ಡಿಗೂ ಲೆಕ್ಕ ಕೇಳುವ ವರ್ಷ ನಿಗದಿಯಾಗಬೇಕು. ಇದು ಈಗ ಏನು ಕೊಡುತ್ತಿದೆ, ಯಾರಿಗೆ ಕೊಡುತ್ತಿದೆ, ಏನನ್ನು ತಡೆಯುತ್ತಿದೆ, ತೆಗೆದರೆ ಹಿಂದಿನ ಹೂಳಿನಲ್ಲಿ ಏನಿದೆ, ಈ ನಾಲ್ಕು ಪ್ರಶ್ನೆಗೆ ಉತ್ತರ ಬೇಕು. ಮೂರು, ಉತ್ತರ ಬಂದ ಮೇಲೆ ಉಪಯೋಗವಿರುವುದನ್ನು ಉಳಿಸಿ ಅದಕ್ಕೆ ಮೀನಿನ ದಾರಿ ಮಾಡಬೇಕು. ಉಪಯೋಗವಿಲ್ಲದ್ದನ್ನು ತೆಗೆಯಬೇಕು. ತೆಗೆಯುವ ಹಣವನ್ನೂ ಕಟ್ಟುವ ದಿನವೇ ಯೋಜನಾ ವೆಚ್ಚದಲ್ಲಿ ಸೇರಿಸಬೇಕು.

ಒಟ್ಟು ಹೇಳಿದ್ದು ಇಷ್ಟು. ಕೆನೆಬೆಕ್ ನದಿ ಲೆಕ್ಕ ಕೇಳುವ ಬಗೆ ತೋರಿಸಿತು. ಎಲ್ವಾ ನದಿ ದೊಡ್ಡ ಕಟ್ಟೆ ಹೋದರೂ ನದಿ ಚೇತರಿಸಿಕೊಳ್ಳುವುದನ್ನು ತೋರಿಸಿತು. ಪೆನಾಬ್‌ಸ್ಕಾಟ್ ವಿದ್ಯುತ್ತನ್ನೂ ಮೀನನ್ನೂ ಒಟ್ಟಿಗೆ ಉಳಿಸಬಹುದೆಂದು ತೋರಿಸಿತು. ಹಡ್ಸನ್ ಅವಸರದ ಬೆಲೆ ತೋರಿಸಿತು. ನಿಮ್ಮ ಊರಿನ ಹೊಳೆಗೂ ಒಂದು ಹಳೆಯ ಒಡ್ಡು ಇರಬಹುದು. ಅದು ಯಾವಾಗ ಕಟ್ಟಿದ್ದು, ಈಗ ಯಾರ ಗದ್ದೆಗೆ ನೀರು ಹಾಯಿಸುತ್ತಿದೆ ಎಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ಉತ್ತರ ಬಂದರೆ ಆ ಒಡ್ಡನ್ನು ಚೆನ್ನಾಗಿ ನೋಡಿಕೊಳ್ಳಿ. ಉತ್ತರ ಬರದಿದ್ದರೆ ಅದನ್ನು ತೆಗೆಯುವ ಮಾತು ನೀವೇ ಶುರುಮಾಡಿ.